ನೆಟ್ಟಗೆ ನಿಂತು ತಿರುಗುವ ಗಾಳಿಯಂತ್ರ, ಕಂಪ್ಯೂಟರ್ ಲೆಕ್ಕ, ವಿಂಡ್ ಟನಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ, ತೋಟದ ಒಂದು ಶೆಡ್‌ನಲ್ಲಿ ನಮ್ಮದೊಂದು ಪುಟ್ಟ ವಿಂಡ್ ಟನಲ್ ಇದೆ, ಅಂದರೆ ಒಳಗೆ ಬೇಕಾದ ವೇಗದ ಗಾಳಿ ಹರಿಸಿ ಮಾಡೆಲ್ ಅಳೆಯುವ ಸುರಂಗ. ಅರ್ಧ ಶೆಡ್ ಕಾಫಿ ಮೂಟೆಗೆ, ಇನ್ನರ್ಧ ಟನಲ್‌ಗೆ. ರಜೆ ಬಂತೆಂದರೆ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ತಾವು ಮಾಡಿದ ಗಾಳಿಯಂತ್ರದ, ಅಂದರೆ ಟರ್ಬೈನಿನ, ಸಣ್ಣ ಮಾಡೆಲ್ ಹಿಡಿದುಕೊಂಡು ಬರುತ್ತಾರೆ. ಕಂಪ್ಯೂಟರ್‌ನಲ್ಲಿ ಬಂದ ಲೆಕ್ಕ ನಿಜವಾದ ಗಾಳಿಯಲ್ಲೂ ನಿಲ್ಲುತ್ತದಾ ಅಂತ ನೋಡುವುದು ಅವರ ಕೆಲಸ. ಅಕ್ಕಪಕ್ಕದ ತೋಟದವರೂ ಬಂದು ನಿಂತು ನೋಡುತ್ತಾರೆ, ಕೇಳುತ್ತಾರೆ. ವರ್ಷ ವರ್ಷ ಅವೇ ಪ್ರಶ್ನೆಗಳು. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಕಳಿಸುವ ಬದಲು ಒಮ್ಮೆ ಪೂರ್ತಿ ಬರೆದಿಡೋಣ ಅನ್ನಿಸಿತು.

ಈ ಟರ್ಬೈನ್ ಚಿತ್ರದುರ್ಗದ ಬೆಟ್ಟದ ಮೇಲೆ ಕಾಣುತ್ತಲ್ಲ, ಅದೇನಾ?

ಅಲ್ಲ. ಜೋಗಿಮಟ್ಟಿ ಕಡೆ ಕಾಣುವ ಮೂರು ರೆಕ್ಕೆಯ ದೊಡ್ಡ ಯಂತ್ರಗಳ ಅಕ್ಷ ಅಡ್ಡ ಮಲಗಿರುತ್ತದೆ. ಗಾಳಿ ಯಾವ ಕಡೆಯಿಂದ ಬಂದರೆ ಆ ಕಡೆಗೆ ಮುಖ ತಿರುಗಿಸಬೇಕು. ನಾವು ಟೆಸ್ಟ್ ಮಾಡುವುದರ ಅಕ್ಷ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ. ಗಾಳಿ ಎತ್ತಲಿಂದ ಬಂದರೂ ಅದಕ್ಕೆ ಒಂದೇ. ಜನರೇಟರನ್ನು ನೆಲದ ಹತ್ತಿರವೇ ಇಡಬಹುದು, ಕಂಬ ಹತ್ತಿ ರಿಪೇರಿ ಮಾಡುವ ಕಷ್ಟ ಇಲ್ಲ.

ಇದರಲ್ಲಿ ಎರಡು ಜಾತಿ. ಡ್ರಮ್ಮನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಸ್ವಲ್ಪ ಸರಿಸಿ ನಿಲ್ಲಿಸಿದ ಹಾಗಿರುವುದು ಸವೋನಿಯಸ್. ಫಿನ್‌ಲ್ಯಾಂಡಿನ ಸಿಗುರ್ಡ್ ಸವೋನಿಯಸ್ ಅವರ ಹೆಸರಿನದು. ಇದನ್ನು ಮುಖ್ಯವಾಗಿ ಗಾಳಿ ತಳ್ಳುತ್ತದೆ. ಎರಡನೆಯದು ಡ್ಯಾರಿಯಸ್. ಫ್ರಾನ್ಸಿನ ಜಾರ್ಜ್ ಡ್ಯಾರಿಯಸ್ 1920ರ ದಶಕದಲ್ಲಿ ಯೋಚಿಸಿದ್ದು, ಅಮೆರಿಕದ ಪೇಟೆಂಟ್ 1931ರಲ್ಲಿ ಸಿಕ್ಕಿತು. ಇದರ ಬ್ಲೇಡ್ ವಿಮಾನದ ರೆಕ್ಕೆಯ ಆಕಾರದ್ದು. ಬ್ಲೇಡ್ ಮೇಲೆ ಹುಟ್ಟುವ ಎತ್ತುವ ಬಲವೇ ಯಂತ್ರವನ್ನು ತಿರುಗಿಸುತ್ತದೆ. ನೇರ ಬ್ಲೇಡುಗಳನ್ನು ಅಡ್ಡ ತೋಳುಗಳಿಗೆ ಜೋಡಿಸಿದರೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಅದಕ್ಕೇ ಎಚ್ ರೋಟರ್ ಅನ್ನುತ್ತಾರೆ. ನಮ್ಮಲ್ಲಿಗೆ ಬರುವ ಮಾಡೆಲ್‌ಗಳಲ್ಲಿ ಜಾಸ್ತಿ ಇದೇ. ಕೆಳಗಿನ ಮಾತೆಲ್ಲ ಇದರ ಬಗ್ಗೆ.

ಕಂಪ್ಯೂಟರ್‌ನಲ್ಲೇ ಎಲ್ಲ ಗೊತ್ತಾಗುತ್ತಲ್ಲ, ಮತ್ತೆ ವಿಂಡ್ ಟನಲ್ ಯಾಕೆ?

ಇದಕ್ಕೆ ನಾನು ಯಾವಾಗಲೂ ಒಂದೇ ಕತೆ ಹೇಳುತ್ತೇನೆ. 2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು 10 ಮೀಟರ್ ವ್ಯಾಸದ ಒಂದು ಟರ್ಬೈನನ್ನು ನಾಸಾದ ಏಮ್ಸ್ ಕೇಂದ್ರದ ವಿಂಡ್ ಟನಲ್‌ನಲ್ಲಿ ನಿಲ್ಲಿಸಿದರು. ಆ ಟನಲ್‌ನಲ್ಲಿ ಯಂತ್ರ ನಿಲ್ಲಿಸುವ ಜಾಗ, ಅಂದರೆ ಟೆಸ್ಟ್ ಸೆಕ್ಷನ್, 80 ಅಡಿ ಎತ್ತರ, 120 ಅಡಿ ಅಗಲ. ಅಳತೆ ಮುಗಿಸಿ ಫಲಿತಾಂಶ ಮುಚ್ಚಿಟ್ಟರು. ಜಗತ್ತಿನ ಬೇರೆ ಬೇರೆ ತಜ್ಞ ತಂಡಗಳಿಗೆ ಟರ್ಬೈನಿನ ವಿವರ ಮಾತ್ರ ಕೊಟ್ಟು, ‘ನಿಮ್ಮ ಲೆಕ್ಕ ಏನು ಹೇಳುತ್ತದೆ, ಕಳಿಸಿ’ ಅಂದರು. ಲೆಕ್ಕಕ್ಕೆ ಸುಲಭವಾದ, ಗಾಳಿ ನೇರವಾಗಿ ಬರುವ, ಸ್ಟಾಲ್ ಆಗದ (ಗಾಳಿ ಬ್ಲೇಡಿನಿಂದ ಕಳಚಿಕೊಳ್ಳದ) ಸ್ಥಿತಿಯಲ್ಲೇ ಲೆಕ್ಕ ಹಾಕಿದ ಪವರ್ ಅಳತೆಯ 25%ರಿಂದ 175%ರವರೆಗೆ ಚದುರಿತ್ತು. ಸ್ಟಾಲ್ ಆಗುವ ಜೋರು ಗಾಳಿಯಲ್ಲಿ 30%ರಿಂದ 275%ರವರೆಗೆ.

ಅವರೆಲ್ಲ ಆ ಕಾಲದ ಬಲ್ಲವರು. ಲೆಕ್ಕ ಮಾಡಿದ ಯಂತ್ರವೂ ಅಡ್ಡ ಅಕ್ಷದ್ದು, ಅಂದರೆ ಲೆಕ್ಕಕ್ಕೆ ಸ್ವಲ್ಪ ಸುಲಭದ್ದು. ಆಮೇಲೆ ಸಾಫ್ಟ್‌ವೇರ್ ಬಹಳ ಸುಧಾರಿಸಿದೆ, ನಿಜ. ಸುಧಾರಿಸಿದ್ದು ಅಂಥ ಅಳತೆಗಳು ಎದುರಿಗೆ ಇದ್ದವು ಅಂತಲೇ. ಮುಖ್ಯವಾದದ್ದು ಏನೆಂದರೆ, ಉತ್ತರ ನೋಡುವ ಮೊದಲೇ ಅವರು ತಮ್ಮ ಲೆಕ್ಕ ಕೊಟ್ಟುಬಿಟ್ಟಿದ್ದರು. ಉತ್ತರ ಗೊತ್ತಿದ್ದರೆ ಲೆಕ್ಕ ತಾನಾಗಿಯೇ ಆ ಕಡೆಗೆ ವಾಲುತ್ತದೆ. ಯಾರೂ ಮೋಸ ಮಾಡಬೇಕು ಅಂತ ಮಾಡುವುದಿಲ್ಲ, ಆದರೂ ವಾಲುತ್ತದೆ.

ನಿಂತ ಟರ್ಬೈನಿನ ಲೆಕ್ಕ ಯಾಕೆ ಅಷ್ಟು ಕಷ್ಟ?

ಒಂದು ಬ್ಲೇಡನ್ನೇ ನೋಡುತ್ತಾ ಹೋಗಿ. ಅದು ಒಂದು ಸುತ್ತು ಬರುವಷ್ಟರಲ್ಲಿ ಒಮ್ಮೆ ಗಾಳಿಗೆ ಎದುರಾಗಿ ಓಡುತ್ತದೆ, ಒಮ್ಮೆ ಗಾಳಿಯ ಜೊತೆ ಓಡುತ್ತದೆ, ಎರಡು ಸಲ ಗಾಳಿಗೆ ಅಡ್ಡ ಹಾಯುತ್ತದೆ. ಹಾಗಾಗಿ ಗಾಳಿ ಬ್ಲೇಡಿಗೆ ತಾಗುವ ಕೋನ ಕ್ಷಣಕ್ಷಣಕ್ಕೂ ಬದಲು. ಬ್ಲೇಡಿನ ವೇಗ ಗಾಳಿಯ ವೇಗದ ಎಷ್ಟು ಪಟ್ಟು ಅನ್ನುವುದನ್ನು ಟಿಪ್ ಸ್ಪೀಡ್ ರೇಶಿಯೋ ಅನ್ನುತ್ತೇವೆ. ಅದು 4 ಇದ್ದರೆ ಕೋನ ಹೆಚ್ಚೆಂದರೆ 14.5 ಡಿಗ್ರಿ. 3 ಇದ್ದರೆ 19.5. 2ಕ್ಕೆ ಇಳಿದರೆ 30 ಡಿಗ್ರಿ. ಸಣ್ಣ ಮಾಡೆಲ್‌ನಲ್ಲಿ ನಾಕಾ 0018 ಅನ್ನುವ ರೆಕ್ಕೆಯಾಕಾರದಂಥ ಬ್ಲೇಡು 10-15 ಡಿಗ್ರಿ ಆಸುಪಾಸಿನಲ್ಲೇ ಸ್ಟಾಲ್ ಆಗುತ್ತದೆ. ಅಂದರೆ ಗಾಳಿ ಬ್ಲೇಡಿಗೆ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಸುಳಿಯಾಗಿ ಕಳಚಿಕೊಳ್ಳುತ್ತದೆ.

ಕೋನ ನಿಧಾನವಾಗಿ ಏರಿದರೆ ಒಂದು ಲೆಕ್ಕ. ಇಲ್ಲಿ ಹಾಗಲ್ಲ. ನಮ್ಮ 20 ಸೆಂಟಿಮೀಟರ್ ಮಾಡೆಲ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಸೆಕೆಂಡಿಗೆ 25 ಸಲ ಕೋನ ಅತ್ತ 30, ಇತ್ತ 30 ಡಿಗ್ರಿ ಹೋಗಿ ಬರುತ್ತದೆ. ಈ ಅವಸರದಲ್ಲಿ ಸ್ಟಾಲ್ ಸ್ವಲ್ಪ ತಡವಾಗಿ ಬರುತ್ತದೆ, ಬಂದಾಗ ಒಂದು ದೊಡ್ಡ ಸುಳಿ ಬ್ಲೇಡಿನ ಮೇಲೆ ಉರುಳಿಕೊಂಡು ಹೋಗುತ್ತದೆ. ಡೈನಾಮಿಕ್ ಸ್ಟಾಲ್ ಅಂದರೆ ಇದು. ಸಾಲದ್ದಕ್ಕೆ, ಗಾಳಿ ಒಳಬರುವ ಕಡೆಯ ಅರ್ಧದಲ್ಲಿ ಬ್ಲೇಡು ಬಿಟ್ಟುಹೋದ ಸುಳಿಯೊಳಗೇ ಗಾಳಿ ಹೊರಹೋಗುವ ಕಡೆಯ ಅರ್ಧದಲ್ಲಿ ಮತ್ತೆ ಹಾಯಬೇಕು. ತಾನು ಕಲಕಿದ ನೀರನ್ನೇ ತಾನು ಕುಡಿದ ಹಾಗೆ. ಇದನ್ನೆಲ್ಲ ಲೆಕ್ಕದಲ್ಲಿ ಹಿಡಿಯುವುದು ಸುಲಭ ಅಲ್ವಲ್ಲ.

ನನ್ನ ಸಿಮ್ಯುಲೇಶನ್‌ನಲ್ಲಿ (ಕಂಪ್ಯೂಟರ್ ಲೆಕ್ಕದಲ್ಲಿ) ಮೆಶ್ (ಗಾಳಿಯ ಜಾಗವನ್ನು ಸಣ್ಣ ಹೋಳು ಮಾಡುವ ಬಲೆ) ಬದಲಿಸಿದರೂ ಉತ್ತರ ಬದಲಾಗಲ್ಲ. ಅಂದರೆ ಸರಿ ಇದೆ ಅಂತ ತಾನೇ?

ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದೀರಿ ಅಂತ ಅಷ್ಟೇ. ಅದು ವೆರಿಫಿಕೇಶನ್. ಸರಿಯಾದ ಲೆಕ್ಕವನ್ನೇ ಬಿಡಿಸಿದ್ದೀರಾ ಅನ್ನುವುದು ವ್ಯಾಲಿಡೇಶನ್. ಅದಕ್ಕೆ ಹೊರಗಿನ ಅಳತೆ ಬೇಕು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಬರಬೇಡಿ. ಮೆಶ್ ಮಾತ್ರ ಅಲ್ಲ, ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) ಕೂಡ ನೋಡಿ. ಬ್ಲೇಡು ಒಂದು ಡಿಗ್ರಿ ತಿರುಗುವಷ್ಟು ಅಥವಾ ಅದಕ್ಕಿಂತ ಕಮ್ಮಿ ಇರಲಿ. ಮೊದಲ ಎಷ್ಟೋ ಸುತ್ತುಗಳ ಉತ್ತರ ಬಿಸಾಡಬೇಕು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಸರಾಸರಿ ಟಾರ್ಕ್ (ತಿರುಗಿಸುವ ಬಲ) ಬದಲಾಗುವುದು ನಿಂತ ಮೇಲೆ ಬಂದ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಿ.

ಮಾಡೆಲ್ ಎಷ್ಟು ದೊಡ್ಡದು ಮಾಡಬಹುದು?

ಎಲ್ಲರಿಗೂ ದೊಡ್ಡದೇ ಬೇಕು. ನಮ್ಮ ಟನಲ್‌ನ ಟೆಸ್ಟ್ ಸೆಕ್ಷನ್ 60 ಸೆಂಟಿಮೀಟರ್ ಅಗಲ, 60 ಎತ್ತರ. ಒಮ್ಮೆ 40 ಸೆಂಟಿಮೀಟರ್ ಅಗಲ, 40 ಎತ್ತರದ ಮಾಡೆಲ್ ತಂದಿದ್ದರು. ಬಹಳ ಚೆಂದ ಮಾಡಿದ್ದರು, ವಾಪಸ್ ಕಳಿಸುವಾಗ ನನಗೂ ಬೇಜಾರಾಯಿತು. ಲೆಕ್ಕ ನೋಡಿ: ಟೆಸ್ಟ್ ಸೆಕ್ಷನ್ನಿನಲ್ಲಿ 44% ಜಾಗವನ್ನು ಮಾಡೆಲ್ಲೇ ಮುಚ್ಚುತ್ತದೆ. ಬಯಲಲ್ಲಾದರೆ ಗಾಳಿ ಟರ್ಬೈನನ್ನು ಬಳಸಿಕೊಂಡು ಆಚೀಚೆ ಹೋಗುತ್ತದೆ. ಟನಲ್‌ನಲ್ಲಿ ಗೋಡೆ ಇದೆ, ಹೋಗಲು ಜಾಗ ಇಲ್ಲ. ಆಗ ಅದು ಟರ್ಬೈನ್ ಒಳಗೇ ನುಗ್ಗುತ್ತದೆ. ಕಿರಿದಾದ ಕಣಿವೆಯಲ್ಲಿ ಹೊಳೆ ಜೋರಾದ ಹಾಗೆ.

ಗಾಳಿಯ ಪವರ್ ವೇಗದ ಘನಕ್ಕೆ ಏರುತ್ತದೆ. ವೇಗ 5% ಜಾಸ್ತಿಯಾದರೆ ಪವರ್ ಸುಮಾರು 16% ಜಾಸ್ತಿ. ಬೆಟ್ಜ್ ಹಾಕಿಕೊಟ್ಟ ಮಿತಿ 59.3%, ಬಯಲ ಗಾಳಿಯಿಂದ ಅದಕ್ಕಿಂತ ಜಾಸ್ತಿ ಹಿಂಡಲಾಗದು. ಇಕ್ಕಟ್ಟಾದ ಟನಲ್‌ನಲ್ಲಿ ಅದನ್ನೂ ಮೀರಿದ ಸಂಖ್ಯೆ ಬರಬಹುದು. ಅದು ಟರ್ಬೈನಿನ ಗುಣ ಅಲ್ಲ, ಗೋಡೆಯ ಗುಣ.

ಮುಚ್ಚುವ ಪಾಲು 5% ಒಳಗಿದ್ದರೆ ಒಳ್ಳೆಯದು, 10% ದಾಟಿದರೆ ತಿದ್ದುಪಡಿ ಮಾಡಲೇಬೇಕು. ಮಾಸ್ಕೆಲ್ ಅವರದ್ದು, ಪೋಪ್ ಮತ್ತು ಹಾರ್ಪರ್ ಅವರದ್ದು ಅಂತ ಸೂತ್ರಗಳಿವೆ. ಆದರೆ ನನಗೆ ಇನ್ನೂ ಇಷ್ಟವಾದ ದಾರಿ ಒಂದಿದೆ. ಸಿಮ್ಯುಲೇಶನ್‌ನಲ್ಲೂ ಟನಲ್‌ನ ಗೋಡೆಗಳನ್ನು ಇಡಿ. ಅಳತೆ ಮಾಡಿದ್ದು ಗೋಡೆಯ ನಡುವೆ ಅಂದಮೇಲೆ ಲೆಕ್ಕವೂ ಗೋಡೆಯ ನಡುವೆಯೇ ಆಗಲಿ. ಎರಡೂ ಹೊಂದಿದ ಮೇಲೆ ಗೋಡೆ ತೆಗೆದು ಬಯಲಿನ ಲೆಕ್ಕ ಮಾಡಿ.

ಅಸಲಿ ಟರ್ಬೈನ್ 2 ಮೀಟರ್. ಅದರ ಹತ್ತನೇ ಒಂದು ಭಾಗದ ಮಾಡೆಲ್ ಮಾಡಿದರೆ ಫಲಿತಾಂಶ ಹಾಗೇ ಅನ್ವಯಿಸುತ್ತಾ?

ಇಲ್ಲ. ಇಲ್ಲಿ ಎಡವದವರೇ ಇಲ್ಲ. ನಾನೂ ಎಡವಿದ್ದೇನೆ.

ಗಾಳಿಗೆ ಒಂದು ಅಂಟುತನ ಇದೆ. ಬ್ಲೇಡು ದೊಡ್ಡದಾಗಿ, ವೇಗ ಜಾಸ್ತಿಯಾದಷ್ಟೂ ಆ ಅಂಟಿನ ಪ್ರಭಾವ ಕಮ್ಮಿ. ಇದನ್ನು ಅಳೆಯುವ ಸಂಖ್ಯೆಗೆ ರೆನಾಲ್ಡ್ಸ್ ನಂಬರ್ ಅನ್ನುತ್ತಾರೆ. 2 ಮೀಟರ್ ಯಂತ್ರದಲ್ಲಿ ಬ್ಲೇಡಿನ ಅಗಲ 20 ಸೆಂಟಿಮೀಟರ್, ಗಾಳಿ ಸೆಕೆಂಡಿಗೆ 6 ಮೀಟರ್, ಟಿಪ್ ಸ್ಪೀಡ್ ರೇಶಿಯೋ 2 ಅಂತಿಟ್ಟುಕೊಳ್ಳಿ. ರೆನಾಲ್ಡ್ಸ್ ನಂಬರ್ ಸುಮಾರು 1,60,000 ಬರುತ್ತದೆ. ಹತ್ತನೇ ಒಂದು ಭಾಗದ ಮಾಡೆಲ್‌ನ ಬ್ಲೇಡು 2 ಸೆಂಟಿಮೀಟರ್. ಟನಲ್‌ನಲ್ಲಿ ಸೆಕೆಂಡಿಗೆ 8 ಮೀಟರ್ ಗಾಳಿ ಬಿಟ್ಟರೂ ಸಂಖ್ಯೆ 21,000 ದಾಟಿ ಸ್ವಲ್ಪ ಅಷ್ಟೇ. ಅಷ್ಟು ಕಮ್ಮಿಯಲ್ಲಿ ಬ್ಲೇಡಿನ ಎತ್ತುವ ಬಲ ಕುಗ್ಗುತ್ತದೆ, ಎಳೆತ ಏರುತ್ತದೆ. ಮಾಡೆಲ್ ಸೋತಿತು ಅಂದರೆ ಅಸಲಿ ಯಂತ್ರ ಸೋಲುತ್ತದೆ ಅಂತ ಅರ್ಥ ಅಲ್ಲ.

‘ಹಾಗಾದರೆ ಟನಲ್‌ನಲ್ಲಿ ಗಾಳಿ ಜೋರು ಮಾಡೋಣ ಸಾರ್’ ಅಂತ ಪ್ರತಿ ತಂಡದಲ್ಲೂ ಒಬ್ಬರು ಹೇಳುತ್ತಾರೆ. ಮಾಡಿ ನೋಡೋಣ, ಕಾಗದದ ಮೇಲೆ. ಏಳೂವರೆ ಪಟ್ಟು ಬೇಕು, ಅಂದರೆ ಸೆಕೆಂಡಿಗೆ 60 ಮೀಟರ್ ಗಾಳಿ. ಬ್ಲೇಡು 120 ಮೀಟರ್ ವೇಗದಲ್ಲಿ, ನಿಮಿಷಕ್ಕೆ 11,000ಕ್ಕೂ ಮೀರಿ ಸುತ್ತು ತಿರುಗಬೇಕು. 10 ಗ್ರಾಂ ತೂಕದ ಬ್ಲೇಡು ಹೊರಕ್ಕೆ ಎಳೆಯುವ ಬಲ ಸುಮಾರು 147 ಕೆಜಿ ಭಾರಕ್ಕೆ ಸಮ. ಶೆಡ್‌ನ ಆಚೆ ಬದಿಯಲ್ಲಿ 50 ಕೆಜಿಯ ಕಾಫಿ ಮೂಟೆಗಳಿವೆ. ಅದರಲ್ಲಿ ಮೂರು ಮೂಟೆಯನ್ನು ಬೆರಳಗಲದ ಒಂದು ಪ್ಲಾಸ್ಟಿಕ್ ಬ್ಲೇಡಿಗೆ ನೇತುಹಾಕಿದ ಹಾಗೆ. ಆಗುವುದಿಲ್ಲ.

ಮತ್ತೇನು ಮಾಡುವುದು? ಸಿಮ್ಯುಲೇಶನ್ನನ್ನು ಮಾಡೆಲ್‌ನ ಅಳತೆಯಲ್ಲೇ ಮಾಡಿ. 20 ಸೆಂಟಿಮೀಟರ್ ಮಾಡೆಲ್, 8 ಮೀಟರ್ ಗಾಳಿ, ಅದೇ 21,000. ಟನಲ್ ಪರೀಕ್ಷಿಸುವುದು ನಿಮ್ಮ ಲೆಕ್ಕದ ವಿಧಾನವನ್ನು, ಅಸಲಿ ಟರ್ಬೈನನ್ನಲ್ಲ. ನಾಲ್ಕಾರು ಬೇರೆ ಬೇರೆ ಗಾಳಿವೇಗದಲ್ಲಿ ಅಳೆದು, ರೆನಾಲ್ಡ್ಸ್ ನಂಬರ್ ಏರಿದ ಹಾಗೆ ಪವರ್ ಕೋಎಫಿಶಿಯಂಟ್ (ಗಾಳಿಯ ಪವರ್‌ನಲ್ಲಿ ಟರ್ಬೈನ್ ಹಿಡಿಯುವ ಪಾಲು) ಎಷ್ಟು ಏರುತ್ತದೆ ಅನ್ನುವುದನ್ನೂ ನಿಮ್ಮ ಲೆಕ್ಕ ಹಿಡಿಯುತ್ತದಾ ನೋಡಿ. ಆ ಏರಿಕೆಯ ದಾರಿ ಹೊಂದಿದರೆ ದೊಡ್ಡ ಯಂತ್ರದ ಲೆಕ್ಕಕ್ಕೆ ಹೋಗಲು ಧೈರ್ಯ ಬರುತ್ತದೆ.

ನಮ್ಮ ಎತ್ತರದಲ್ಲಿ ಗಾಳಿ ತೆಳು ಅನ್ನುತ್ತಾರೆ. ಅಷ್ಟು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ 1.225 ಕೆಜಿ ತೂಗುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಇದೇ ಸಂಖ್ಯೆ ಮೊದಲೇ ತುಂಬಿರುತ್ತದೆ. ಮಡಿಕೇರಿಯ ಎತ್ತರ 1,100 ಮೀಟರಿಗೂ ಜಾಸ್ತಿ. 20 ಡಿಗ್ರಿಯಲ್ಲಿ ಇಲ್ಲಿನ ಗಾಳಿ ಸುಮಾರು 1.05 ಕೆಜಿ. ಬೆಂಗಳೂರಿಗೆ ಹೋದರೂ 25 ಡಿಗ್ರಿಯಲ್ಲಿ 1.06ರ ಹತ್ತಿರವೇ. ಸಿಮ್ಯುಲೇಶನ್ 1.225ರಲ್ಲಿ ವ್ಯಾಟ್ ಲೆಕ್ಕ ಹಾಕಿ, ಟನಲ್ 1.05ರಲ್ಲಿ ಅಳೆದರೆ ಬರೀ ಇದೊಂದರಿಂದಲೇ 17% ವ್ಯತ್ಯಾಸ. ಟರ್ಬುಲೆನ್ಸ್ ಮಾಡೆಲ್ (ಗಾಳಿಯ ಕಲಕಾಟವನ್ನು ಲೆಕ್ಕಕ್ಕೆ ತರುವ ಸೂತ್ರ) ತಪ್ಪು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ತಪ್ಪು ಇಲ್ಲಿತ್ತು.

ಇನ್ನೊಂದು ಮಾತು. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಮಡಿಕೇರಿಯ ಒತ್ತಡ 1010 ಹೆಕ್ಟೋಪ್ಯಾಸ್ಕಲ್ ಅಂತ ತೋರಿಸಬಹುದು. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ. ಶೆಡ್‌ನೊಳಗೆ ನಿಜವಾಗಿ ಇರುವುದು 880 ಆಸುಪಾಸು. ಟನಲ್ ಪಕ್ಕದಲ್ಲೇ ಬಾರೋಮೀಟರ್ ಮತ್ತು ಥರ್ಮಾಮೀಟರ್ ಇಟ್ಟು ಓದಿ. ಮಳೆಗಾಲದಲ್ಲಿ ಗಾಳಿ ಭಾರ ಅಂತ ಅನ್ನಿಸುತ್ತದೆ, ಅಲ್ವಾ? ಲೆಕ್ಕದಲ್ಲಿ ಉಲ್ಟಾ. ತೇವದ ಗಾಳಿ ಒಣ ಗಾಳಿಗಿಂತ ಹಗುರ. ಆದರೆ 20 ಡಿಗ್ರಿಯಲ್ಲಿ ಆ ವ್ಯತ್ಯಾಸ 1% ಅಷ್ಟೇ.

ಟನಲ್‌ನಲ್ಲಿ ಗಾಳಿಯ ವೇಗ ಹೇಗೆ ಅಳೆಯುತ್ತೀರಿ?

ಪಿಟೋ ಟ್ಯೂಬ್‌ನಿಂದ. ಗಾಳಿಗೆ ಮುಖಮಾಡಿದ ತೂತಿನ ಒತ್ತಡಕ್ಕೂ ಬದಿಯ ತೂತಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ. ಬಂದ ಮಕ್ಕಳಿಗೆ ಮೊದಲ ದಿನ ಡಿಜಿಟಲ್ ಮೀಟರ್ ಕೊಡುವುದಿಲ್ಲ. ನೀರು ತುಂಬಿದ ಗಾಜಿನ ಯು ಕೊಳವೆ ಕೊಡುತ್ತೇನೆ. ಸೆಕೆಂಡಿಗೆ 8 ಮೀಟರ್ ಗಾಳಿಗೆ ಎರಡು ಬದಿಯ ನೀರಿನ ಎತ್ತರದ ವ್ಯತ್ಯಾಸ ಎಷ್ಟು ಗೊತ್ತಾ? 3.4 ಮಿಲಿಮೀಟರ್. ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಓದುತ್ತಾರೆ. ಒಬ್ಬರಿಗೆ ಮೂರೂವರೆ ಕಾಣುತ್ತದೆ, ಇನ್ನೊಬ್ಬರಿಗೆ ಮೂರು. ಅರ್ಧ ಮಿಲಿಮೀಟರ್ ತಪ್ಪಿದರೆ ವೇಗದಲ್ಲಿ 7%, ಗಾಳಿಯ ಪವರ್‌ನಲ್ಲಿ 20%ಕ್ಕೂ ಜಾಸ್ತಿ ತಪ್ಪು. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಆಮೇಲೆ ಯಾವ ಮೀಟರನ್ನೂ ಸುಮ್ನೆ ನಂಬುವುದಿಲ್ಲ. ಆಮೇಲೆ ಸೂಕ್ಷ್ಮ ಒತ್ತಡ ಅಳೆಯುವ ಸೆನ್ಸರ್ ಕೊಡುತ್ತೇನೆ.

ವೇಗವನ್ನು ಒಂದೇ ಜಾಗದಲ್ಲಿ ಅಳೆದರೆ ಸಾಲದು. ಮಾಡೆಲ್ ಇಡುವ ಮೊದಲು, ಖಾಲಿ ಟನಲ್‌ನಲ್ಲಿ ಪಿಟೋವನ್ನು ಮೇಲೆ ಕೆಳಗೆ, ಎಡ ಬಲ ಸರಿಸುತ್ತಾ ಪೂರ್ತಿ ನಕ್ಷೆ ಮಾಡಿಕೊಳ್ಳಿ. ಗಾಳಿಯ ಅಲುಗಾಟ ಎಷ್ಟಿದೆ ಅನ್ನುವುದನ್ನು ಹಾಟ್ ವೈರ್ ಅನಿಮೋಮೀಟರ್‌ನಿಂದ ಅಳೆಯಬೇಕು. ಆ ಸಂಖ್ಯೆಯೇ ಸಿಮ್ಯುಲೇಶನ್‌ನ ಬಾಗಿಲಲ್ಲೂ ಹೋಗಬೇಕು.

ಪವರ್ ಅಳೆಯಲು ಜನರೇಟರ್ ಜೋಡಿಸಿ ಬಲ್ಬ್ ಉರಿಸಿದರೆ ಸಾಲದೇ?

ಸಾಲದು. ಆಗ ನೀವು ಅಳೆಯುವುದು ಬ್ಲೇಡು, ಬೇರಿಂಗ್, ಜನರೇಟರ್, ವೈರು ಎಲ್ಲದರ ಮೊತ್ತ. ಸಿಮ್ಯುಲೇಶನ್‌ಗೆ ಗೊತ್ತಿರುವುದು ಬ್ಲೇಡಿನ ಮೇಲಿನ ಗಾಳಿ ಮಾತ್ರ. ಶಾಫ್ಟಿನ ಟಾರ್ಕ್ ಮತ್ತು ತಿರುಗುವ ವೇಗ, ಎರಡನ್ನೂ ನೇರವಾಗಿ ಅಳೆಯಿರಿ.

ಎಷ್ಟು ಸಣ್ಣ ಬಲ ಅಂತ ನೋಡಿ. 20 ಸೆಂಟಿಮೀಟರ್ ಮಾಡೆಲ್‌ಗೆ 8 ಮೀಟರ್ ಗಾಳಿಯಲ್ಲಿ ಒಟ್ಟು ಸಿಗುವುದು 11 ವ್ಯಾಟ್‌ಗಿಂತ ಕಮ್ಮಿ. ಅದರಲ್ಲಿ 20% ಹಿಡಿದರೆ 2 ವ್ಯಾಟ್ ಚಿಲ್ಲರೆ. ಟಾರ್ಕ್ ಲೆಕ್ಕದಲ್ಲಿ, 1 ಸೆಂಟಿಮೀಟರ್ ತೋಳಿನ ತುದಿಗೆ 137 ಗ್ರಾಂ ತೂಗಿಸಿದಷ್ಟು. ರಬ್ಬರ್ ಸೀಲ್ ಇರುವ ಬೇರಿಂಗ್ ಹಾಕಿದರೆ ಅದರ ಘರ್ಷಣೆಯೇ ಇದರಲ್ಲಿ ಒಳ್ಳೆಯ ಪಾಲು ತಿಂದುಬಿಡುತ್ತದೆ. ಅದಕ್ಕೆ ಬ್ಲೇಡುಗಳನ್ನು ಕಳಚಿ, ಬರೀ ಶಾಫ್ಟ್ ಮತ್ತು ತೋಳುಗಳನ್ನು ಮೋಟಾರಿನಿಂದ ಅದೇ ವೇಗದಲ್ಲಿ ತಿರುಗಿಸಿ, ಎಷ್ಟು ಟಾರ್ಕ್ ಬೇಕಾಯಿತು ಬರೆದುಕೊಳ್ಳಿ. ಅದನ್ನು ಅಳತೆಗೆ ಸೇರಿಸಿ. ಇದು ಟೇರ್ ಅಳತೆ. ತಕ್ಕಡಿಯಲ್ಲಿ ಮೊದಲು ಖಾಲಿ ಚೀಲ ತೂಗುವ ಹಾಗೆಯೇ.

ಒಂದು ಸಲ ಟೇರ್ ಸೇರಿಸಿದ ಮೇಲೂ ಲೆಕ್ಕ ಕೂಡಿಬರಲಿಲ್ಲ. ಮೂರು ದಿನ ಹುಡುಕಿದೆವು. ಕೊನೆಗೆ ಒಬ್ಬ ಹುಡುಗಿ ತೋಳಿಗೂ ಬ್ಲೇಡಿಗೂ ಸೇರುವ ಕಡೆ ಎದ್ದು ನಿಂತಿದ್ದ ಸ್ಕ್ರೂ ತಲೆಗಳನ್ನು ತೋರಿಸಿದಳು. ಆರು ಸ್ಕ್ರೂ. ಮೇಣ ತುಂಬಿ ನುಣ್ಣಗೆ ಮಾಡಿ, ಮೇಲೆ ಟೇಪ್ ಅಂಟಿಸಿ ಮತ್ತೆ ಓಡಿಸಿದೆವು. ಟಾರ್ಕ್ ಕಣ್ಣೆದುರೇ ಏರಿತು. ಬ್ಲೇಡು ಗಾಳಿಯ ಎರಡು ಪಟ್ಟು ವೇಗದಲ್ಲಿ ಓಡುವಾಗ ಸಣ್ಣ ಉಬ್ಬೂ ಬ್ರೇಕಿನ ಹಾಗೆ ಹಿಡಿಯುತ್ತದೆ. ಆ ಸ್ಕ್ರೂಗಳು ಸಿಮ್ಯುಲೇಶನ್‌ನಲ್ಲಿ ಇರಲೇ ಇಲ್ಲ.

ನನ್ನ ಸಿಮ್ಯುಲೇಶನ್ ಟನಲ್‌ಗಿಂತ ಬಹಳ ಜಾಸ್ತಿ ಪವರ್ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ಮೊದಲ ಪ್ರಶ್ನೆ: 2ಡಿಯಲ್ಲಿ ಮಾಡಿದ್ದೀರಾ? ಹಾಗಿದ್ದರೆ ಜಾಸ್ತಿಯೇ ಬರಬೇಕು. 2ಡಿಯಲ್ಲಿ ಬ್ಲೇಡಿಗೆ ತುದಿಯೇ ಇಲ್ಲ, ಅದು ಮೇಲೂ ಕೆಳಗೂ ಮುಗಿಯದೆ ಹೋಗುತ್ತದೆ. ನಿಜವಾದ ಬ್ಲೇಡಿನ ತುದಿಯಲ್ಲಿ ಗಾಳಿ ಸೋರಿ ಸುಳಿಯಾಗುತ್ತದೆ, ಬಲ ಕುಗ್ಗುತ್ತದೆ. ತೋಳುಗಳ ಎಳೆತವೂ 2ಡಿಯಲ್ಲಿ ಇಲ್ಲ. ಗಿಡ್ಡ ಮಾಡೆಲ್ ಆದರೆ ಈ ಎರಡರಿಂದಲೇ ದೊಡ್ಡ ಅಂತರ. ಹಾಗಂತ 2ಡಿ ದಂಡ ಅಲ್ಲ. ಬ್ಲೇಡಿನ ಆಕಾರ, ಕೋನ ಹೋಲಿಸಿ ನೋಡಲು ಬೇಗ ಆಗುತ್ತದೆ. ಟನಲ್‌ನ ಸಂಖ್ಯೆಯ ಪಕ್ಕ ಇಡುವ ಹಾಗಿಲ್ಲ ಅಷ್ಟೇ.

ಆಮೇಲೆ ನೋಡಬೇಕಾದದ್ದು ಬ್ಲೇಡಿನ ಮೈಗೆ ಅಂಟಿದ ತೆಳು ಪದರ. ಅಲ್ಲಿ ಮೆಶ್ ದಪ್ಪ ಇದ್ದರೆ ಸ್ಟಾಲ್ ತಪ್ಪು ಜಾಗದಲ್ಲಿ ಬರುತ್ತದೆ. ಹೆಚ್ಚಿನವರು ಬಳಸುವ ಕೆ-ಒಮೆಗಾ ಎಸ್‌ಎಸ್‌ಟಿ ಅನ್ನುವ ಟರ್ಬುಲೆನ್ಸ್ ಮಾಡೆಲ್, ಗಾಳಿ ಮೊದಲಿನಿಂದಲೇ ಪೂರ್ತಿ ಕಲಕಿದೆ ಅಂದುಕೊಳ್ಳುತ್ತದೆ. ನಮ್ಮ 21,000ದ ಬ್ಲೇಡಿನಲ್ಲಿ ಹರಿವು ಬಹಳ ದೂರ ನಯವಾಗಿಯೇ ಇರುತ್ತದೆ. ಅದಕ್ಕೆ ಟ್ರಾನ್ಸಿಶನ್, ಅಂದರೆ ನಯವಾದ ಹರಿವು ಕಲಕಿದ ಹರಿವಾಗುವುದನ್ನು ಹಿಡಿಯುವ ಮಾಡೆಲ್ ಬೇಕು.

ಸಮಯ ಕಮ್ಮಿ ಇದ್ದವರು ಸ್ಟ್ರೀಮ್‌ಟ್ಯೂಬ್ ವಿಧಾನದಿಂದ (ಗಾಳಿಯನ್ನು ಉದ್ದುದ್ದ ಕೊಳವೆಗಳಾಗಿ ಹಂಚಿಕೊಂಡು ಮಾಡುವ ಸರಳ ಲೆಕ್ಕದಿಂದ) ಶುರುಮಾಡಿ. ಕ್ಯೂಬ್ಲೇಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಎಷ್ಟು ಹತ್ತಿರ ಬಂದರೆ ‘ಹೊಂದಿತು’ ಅನ್ನಬಹುದು?

ಇಷ್ಟೇ ಪರ್ಸೆಂಟ್ ಅಂತ ಒಂದು ಗೆರೆ ಇಲ್ಲ. ನಿಮ್ಮ ಅಳತೆಯಲ್ಲೇ 8% ಅನಿಶ್ಚಿತತೆ ಇದ್ದರೆ, 2% ಹತ್ತಿರ ಬಂತು ಅಂತ ಹಿಗ್ಗುವುದರಲ್ಲಿ ಅರ್ಥ ಇಲ್ಲ. ಗ್ರಾಫಿನ ಪ್ರತಿ ಚುಕ್ಕಿಗೂ ಅನಿಶ್ಚಿತತೆಯ ಗೆರೆ ಎಳೆಯಿರಿ.

ಒಂದೇ ಚುಕ್ಕಿ ಹೋಲಿಸಬೇಡಿ. ಟಿಪ್ ಸ್ಪೀಡ್ ರೇಶಿಯೋ ಬದಲಾಯಿಸುತ್ತಾ ಪವರ್ ಕೋಎಫಿಶಿಯಂಟಿನ ಪೂರ್ತಿ ಗೆರೆ ತೆಗೆಯಿರಿ. ಗೆರೆಯ ತುದಿ ಎಲ್ಲಿ ಬರುತ್ತದೆ, ಅದರ ಎಡಕ್ಕೆ ಸ್ಟಾಲ್ ಕಡೆ ಹೇಗೆ ಬೀಳುತ್ತದೆ, ಬಲಕ್ಕೆ ಹೇಗೆ ಬೀಳುತ್ತದೆ, ಮೂರೂ ನೋಡಿ. ತುದಿಯ ಎತ್ತರ ಮಾತ್ರ ಹೊಂದಿದರೆ ಅದು ಎರಡು ತಪ್ಪುಗಳು ಒಂದನ್ನೊಂದು ತಿಂದುಹಾಕಿದ್ದೂ ಇರಬಹುದು. ಬ್ಲೇಡಿನ ತುದಿಯ ಸೋರಿಕೆ ಬಿಟ್ಟದ್ದರಿಂದ ಜಾಸ್ತಿ, ಗೋಡೆ ಬಿಟ್ಟದ್ದರಿಂದ ಕಮ್ಮಿ, ಎರಡೂ ಸೇರಿ ಸರಿಯಾದ ಹಾಗೆ ಕಾಣುತ್ತದೆ. ಸಾಧ್ಯವಾದರೆ ಒಂದು ಸುತ್ತಿನೊಳಗೆ ಟಾರ್ಕ್ ಹೇಗೆ ಏರಿಳಿಯುತ್ತದೆ, ಟರ್ಬೈನ್ ಹಿಂದಿನ ಗಾಳಿ ಹೇಗೆ ನಿಧಾನವಾಗಿದೆ ಅನ್ನುವುದನ್ನೂ ಹೋಲಿಸಿ. ಅಲ್ಲಿ ಅಡಗಿ ಕೂರಲು ತಪ್ಪಿಗೆ ಜಾಗ ಕಮ್ಮಿ.

ನಮ್ಮ ಶೆಡ್‌ನಲ್ಲಿ ಒಂದು ಪದ್ಧತಿ ಇದೆ. ಟನಲ್ ಫ್ಯಾನ್ ಹಾಕುವ ಮೊದಲು ನಿಮ್ಮ ಸಿಮ್ಯುಲೇಶನ್ ಗ್ರಾಫನ್ನು ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ ಅಂಟಿಸಿ ಕೊಡಬೇಕು. ಅಳತೆ ಮುಗಿದ ಮೇಲೆ ಎಲ್ಲರೆದುರು ಒಡೆಯುತ್ತೇವೆ. ಹೊಂದದಿದ್ದರೆ ಬೈಯುವುದಿಲ್ಲ. ಎಲ್ಲಿ ಬೇರೆಯಾಯಿತು ಅಂತ ಕೂತು ಹುಡುಕುತ್ತೇವೆ, ಕಲಿಯುವುದೆಲ್ಲ ಅಲ್ಲೇ. ತಿದ್ದಬಾರದು ಅಂತಲೂ ಇಲ್ಲ. 8 ಮೀಟರ್ ಗಾಳಿಯ ಅಳತೆ ನೋಡಿ ಲೆಕ್ಕ ತಿದ್ದಿಕೊಳ್ಳಿ, ಆದರೆ ಆ ತಿದ್ದಿದ ಲೆಕ್ಕದ ಪರೀಕ್ಷೆ ನೀವು ನೋಡಿರದ 10 ಮೀಟರ್ ಗಾಳಿಯಲ್ಲಿ ಆಗಬೇಕು.

ಟೇಬಲ್ ಫ್ಯಾನ್ ಮುಂದೆ ಇಟ್ಟು ಟೆಸ್ಟ್ ಮಾಡಬಹುದಾ?

ತಿರುಗುತ್ತದಾ ಅಂತ ನೋಡಬಹುದು. ಅಳತೆಗೆ ಆಗುವುದಿಲ್ಲ. ಫ್ಯಾನಿನ ಗಾಳಿ ತಿರುಚಿಕೊಂಡು ಬರುತ್ತದೆ, ನಡುವೆ ಒಂದು ವೇಗ, ಅಂಚಲ್ಲಿ ಇನ್ನೊಂದು.

ಜೀಪಿನ ಮೇಲೆ ಕಟ್ಟಿ ಓಡಿಸಿದರೆ?

ಇದನ್ನು ತೋಟದವರು ಕೇಳುತ್ತಾರೆ, ಯೋಚನೆ ಒಳ್ಳೆಯದೇ. ಗಾಳಿ ನಿಂತಿದ್ದಾಗ ವಾಹನವೇ ಓಡಿದರೆ ಗೋಡೆ ಇಲ್ಲದ ಟನಲ್ ಸಿಕ್ಕ ಹಾಗೆ. ಆದರೆ ಬಾನೆಟ್ ಮತ್ತು ಗಾಜಿನ ಮೇಲೆ ಹತ್ತಿ ಬರುವ ಗಾಳಿ ಓರೆಯಾಗಿ, ಜೋರಾಗಿ ಬರುತ್ತದೆ. ಅದಕ್ಕೆ ಕಂಬ ಎತ್ತರ ಬೇಕು. ನಮ್ಮ ತಿರುವಿನ ರಸ್ತೆಯಲ್ಲಿ ಒಂದೇ ವೇಗ ಒಂದು ನಿಮಿಷ ಹಿಡಿಯುವುದು ಕಷ್ಟ. ಬ್ಲೇಡು ಕಳಚಿ ಹಾರಿದರೆ ಎದುರು ಬರುವವರ ಗತಿ? ಜನ ಓಡಾಡುವ ರಸ್ತೆಯಲ್ಲಿ ಖಂಡಿತ ಬೇಡ.

ಕಾಲೇಜಿನಲ್ಲಿ ನಾವೇ ಟನಲ್ ಕಟ್ಟಬಹುದಾ?

ಕಟ್ಟಿ. ಪ್ಲೈವುಡ್, ಒಂದು ಬದಿಗೆ ಅಕ್ರಿಲಿಕ್ ಹಾಳೆ, ದೊಡ್ಡ ಎಕ್ಸಾಸ್ಟ್ ಫ್ಯಾನ್ ಸಾಕು. ಮೊದಲು ನೆನಪಿಡಬೇಕಾದದ್ದು: ಫ್ಯಾನ್ ಗಾಳಿಯನ್ನು ಊದಬಾರದು, ಎಳೆಯಬೇಕು. ಫ್ಯಾನ್ ಕೊನೆಯಲ್ಲಿರಲಿ. ಬಾಯಲ್ಲಿ ಜೇನುಗೂಡಿನ ಹಾಗೆ ಕೊಳವೆಗಳ ಸಾಲು, ಅದರ ಹಿಂದೆ ಒಂದೆರಡು ಸಣ್ಣ ಜಾಲರಿ. ನಾವು ಪ್ಲಾಸ್ಟಿಕ್ ಸ್ಟ್ರಾಗಳನ್ನು ಕತ್ತರಿಸಿ ಸಾವಿರಗಟ್ಟಲೆ ಅಂಟಿಸಿದೆವು. ಪ್ರತಿ ಕೊಳವೆ ತನ್ನ ಅಡ್ಡಗಲದ ಆರೆಂಟು ಪಟ್ಟು ಉದ್ದ ಇರಲಿ. ಆಮೇಲೆ ಕಿರಿದಾಗುತ್ತಾ ಬರುವ ಭಾಗ: ಬಾಯಿಯ ವಿಸ್ತೀರ್ಣ ಟೆಸ್ಟ್ ಸೆಕ್ಷನ್ನಿನ ಆರು ಪಟ್ಟಿಗಿಂತ ಜಾಸ್ತಿ ಇದ್ದರೆ ಗಾಳಿ ನಯವಾಗುತ್ತದೆ. ಫ್ಯಾನಿನ ಕಡೆಗೆ ಅಗಲವಾಗುವ ಭಾಗ ನಿಧಾನವಾಗಿ ಅಗಲವಾಗಬೇಕು. ಜಾಗ ಇಲ್ಲ ಅಂತ ಅದನ್ನು ಗಿಡ್ಡ ಮಾಡಿದರೆ ಗಾಳಿ ಗೋಡೆ ಬಿಟ್ಟು ಕಳಚಿ, ಇಡೀ ಟನಲ್ ನಡುಗುತ್ತದೆ.

ನಮ್ಮಲ್ಲಿ ಕರೆಂಟಿನ ವೋಲ್ಟೇಜ್ ಏರಿಳಿಯುತ್ತದೆ, ಜೊತೆಗೆ ಫ್ಯಾನೂ ಏರಿಳಿಯುತ್ತದೆ. ವೇಗ ಹಿಡಿದಿಡುವ ಡ್ರೈವ್ ಹಾಕಿಸಿ. ಗಾಳಿ ಹೇಗೆ ಹೋಗುತ್ತಿದೆ ಅಂತ ನೋಡಲು ಉಣ್ಣೆಯ ನೂಲನ್ನು ಬೆರಳುದ್ದ ಕತ್ತರಿಸಿ ಗೋಡೆಗೆ ಅಂಟಿಸಿ. ನೂಲು ಮಲಗಿ ನೇರ ಇದ್ದರೆ ಸರಿ. ಕುಣಿದರೆ ಅಲ್ಲಿ ಏನೋ ಇದೆ.

ಮಾಡೆಲ್ ನಿಲ್ಲಿಸುವ ಮುನ್ನ, ಬ್ಲೇಡು ಹಾರಿದರೆ ತಡೆಯುವ ಜಾಲರಿಯನ್ನು ಫ್ಯಾನಿನ ಮುಂದೆ ಹಾಕಿ. ಮಾಡೆಲ್ ತಿರುಗುವಾಗ ಅದರ ಸುತ್ತಿನ ಸಮತಲದಲ್ಲಿ ಯಾರೂ ನಿಲ್ಲಬಾರದು.

ದೊಡ್ಡ ಟನಲ್‌ಗಳು ಎಲ್ಲಿವೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಓಪನ್ ಸರ್ಕ್ಯೂಟ್ ಟನಲ್ ಇದೆ. ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ (ಎನ್‌ಎಎಲ್) ಟನಲ್‌ಗಳಿವೆ. ಐಐಟಿ ಕಾನ್ಪುರದ ರಾಷ್ಟ್ರೀಯ ಟನಲ್‌ನ ಟೆಸ್ಟ್ ಸೆಕ್ಷನ್ 3 ಮೀಟರ್ ಅಗಲ, 2.25 ಮೀಟರ್ ಎತ್ತರ. ಅಂಥ ಕಡೆ ಸಮಯ ಸಿಗುವುದು ಕಷ್ಟ, ಸಿಕ್ಕರೆ ದಿನಗಳು ಎಣಿಸಿದಷ್ಟೇ. ಸ್ಕ್ರೂ, ಬೇರಿಂಗ್, ಟೇರ್ ತಂಟೆಯನ್ನೆಲ್ಲ ಸಣ್ಣ ಟನಲ್‌ನಲ್ಲಿ ಮುಗಿಸಿಕೊಂಡು ಹೋಗಿ.

ನಿಂತ ಟರ್ಬೈನನ್ನು ದೊಡ್ಡದಾಗಿ ಯಾರೂ ಮಾಡಿಲ್ಲವಾ?

ಮಾಡಿದ್ದಾರೆ. ಡ್ಯಾರಿಯಸ್ ಅವರ ಯೋಚನೆ ಬಹಳ ವರ್ಷ ಮರೆತೇ ಹೋಗಿತ್ತು. 1960ರ ದಶಕದ ಕೊನೆಗೆ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಪೀಟರ್ ಸೌತ್ ಮತ್ತು ರಾಜ್ ರಂಗಿ ಅದನ್ನೇ ಹೊಸದಾಗಿ ಕಂಡುಕೊಂಡು ವಿಂಡ್ ಟನಲ್‌ನಲ್ಲಿ ಅಳೆದರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 2 ಮೀಟರ್ ಯಂತ್ರವನ್ನು ಟನಲ್‌ನಲ್ಲಿ ಅಳೆದು, ಆಮೇಲೆ ಬಯಲಿನ ಗಾಳಿಯಲ್ಲೂ ಅಳೆದು ಹೋಲಿಸಿದರು. ಅಲ್ಲಿಂದ 17 ಮೀಟರ್, 34 ಮೀಟರ್ ವರೆಗೆ ಹೋದರು. ಕೆನಡಾದ ಕ್ಯಾಪ್-ಶಾ ಊರಿನ ಎಯೋಲ್ ಅನ್ನುವ ಯಂತ್ರ ಸುಮಾರು 110 ಮೀಟರ್ ಎತ್ತರ. 1980ರ ದಶಕದ ಕೊನೆಗೆ ಶುರುವಾಗಿ 1993ರಲ್ಲಿ ನಿಂತಿತು. ಕೆಟ್ಟದ್ದು ಬೇರಿಂಗ್. ನಿಂತ ಟರ್ಬೈನಿನಲ್ಲಿ ಬ್ಲೇಡಿನ ಮೇಲಿನ ಬಲ ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತದೆ, ಲೋಹ ದಣಿಯುತ್ತದೆ. ಹತ್ತು ವರ್ಷ ಬಾಳುತ್ತದಾ ಅನ್ನುವುದನ್ನು ಟನಲ್‌ನ ಹತ್ತು ನಿಮಿಷ ಹೇಳಲಾರದು.

ನಮ್ಮ ತೋಟದಲ್ಲಿ ಒಂದು ನಿಲ್ಲಿಸಿದರೆ ಮನೆಗೆ ಕರೆಂಟ್ ಬರುತ್ತಾ?

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ, ಸೋಲಾರ್‌ಗೆ ಬಿಸಿಲೂ ಇಲ್ಲದಾಗ, ಹೊರಗೆ ಗಾಳಿ ಮಾತ್ರ ಹುಯ್ಯೆಂದು ಬೀಸುವಾಗ ಈ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದದ್ದಕ್ಕೇ ಈ ಕೆಲಸ ಶುರುಮಾಡಿದ್ದು.

ನಿಜವಾದ ಲೆಕ್ಕ ಹೀಗಿದೆ. 2 ಮೀಟರ್ ಅಗಲ, 2 ಮೀಟರ್ ಎತ್ತರದ ಯಂತ್ರಕ್ಕೆ ಸೆಕೆಂಡಿಗೆ 6 ಮೀಟರ್ ಗಾಳಿಯಲ್ಲಿ ಸಿಗುವುದು ಸುಮಾರು 450 ವ್ಯಾಟ್. ಅದರಲ್ಲಿ ಕಾಲು ಭಾಗ ಹಿಡಿದರೆ 113 ವ್ಯಾಟ್. ಗಾಳಿ 3 ಮೀಟರಿಗೆ ಇಳಿದರೆ 14 ವ್ಯಾಟ್, ಒಂದು ಎಲ್‌ಇಡಿ ಬಲ್ಬು. ಸಿಲ್ವರ್ ಓಕ್ ಮರಗಳ ನಡುವೆ, ಮೆಣಸಿನ ಬಳ್ಳಿಯ ಎತ್ತರದಲ್ಲಿ 6 ಮೀಟರ್ ಗಾಳಿ ಅಪರೂಪ. ಅಲ್ಲಿ ಬರುವ ಗಾಳಿ ಕಲಕಿದ ಗಾಳಿ, ಟನಲ್‌ನ ನಯವಾದ ಗಾಳಿ ಅಲ್ಲ. ಬೆಟ್ಟದ ನೆತ್ತಿಯ ಬೋಳು ಜಾಗ, ಮಾಂದಲಪಟ್ಟಿಯಂಥ ಕಡೆ ನಿಂತರೆ ಮಾತು ಬೇರೆ. ಆದರೆ ಮನೆಗಳು ಅಲ್ಲಿಲ್ಲ.

ಯಂತ್ರ ಕೊಳ್ಳುವ ಮೊದಲು ನಿಮ್ಮ ಜಾಗದಲ್ಲಿ, ಮರಗಳಿಗಿಂತ ಮೇಲೆ, ಒಂದು ವರ್ಷ ಗಾಳಿ ಅಳೆಯಿರಿ. ಮಾರುವವರು ಪವರ್ ಗ್ರಾಫ್ ತೋರಿಸಿದರೆ, ಅದು ಅಳೆದದ್ದಾ ಅಥವಾ ಲೆಕ್ಕ ಹಾಕಿದ್ದಾ ಅಂತ ಕೇಳಿ. ಅಳೆದದ್ದಾದರೆ ಯಾವ ಟನಲ್‌ನಲ್ಲಿ, ಯಾವ ಅಳತೆಯ ಮಾಡೆಲ್ ಅಂತ ಕೇಳಿ. ನಿಮ್ಮ ಜಾಗದಲ್ಲಿ ವರ್ಷಪೂರ್ತಿ ಹರಿಯುವ ತೋಡು ಇದ್ದರೆ, ಸಣ್ಣ ನೀರಿನ ಟರ್ಬೈನನ್ನು ಮೊದಲು ಯೋಚಿಸಿ ಅಂತ ಗಾಳಿಯ ಕೆಲಸ ಮಾಡುವ ನಾನೇ ಹೇಳುತ್ತೇನೆ.

ಮಾಡೆಲ್ ತರಲು ಯಾವ ತಿಂಗಳು ಒಳ್ಳೆಯದು?

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ ಬರಬೇಡಿ. ನಮ್ಮದು ಶೆಡ್‌ನ ಗಾಳಿಯನ್ನೇ ಎಳೆದು ಶೆಡ್‌ಗೇ ಬಿಡುವ ಟನಲ್. ಹೊರಗೆ ಬಿರುಗಾಳಿ ಬಡಿದಾಗ ಬಾಗಿಲ ಸಂದಿಯಿಂದ ನುಗ್ಗಿ, ಕೊಳವೆಯ ನೀರು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಆಗ ನಾವು ಫ್ಯಾನ್ ನಿಲ್ಲಿಸಿ ಸಿಮ್ಯುಲೇಶನ್ ಕೆಲಸ ಮಾಡುತ್ತೇವೆ, ಹೊರಗಿನ ಕಂಬದ ಗಾಳಿ ಅಳತೆ ಬರೆದುಕೊಳ್ಳುತ್ತೇವೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಹಿಡಿತ ಬಿಟ್ಟ ಮೇಲೆ ಬನ್ನಿ. ಕಾಫಿ ಕೊಯ್ಲು ಜೋರಾದರೆ ಮೂಟೆಗಳು ಟನಲ್‌ನ ಬಾಯಿವರೆಗೆ ಬರುತ್ತವೆ, ಗಾಳಿ ಒಳಗೆ ಸರಿಯಾಗಿ ಹೋಗುವುದಿಲ್ಲ. ಅದು ತಪ್ಪಿದರೆ ಇನ್ನು ಮಾರ್ಚ್ ತಿಂಗಳಿಗೆ. ಲಕೋಟೆ ಮರೆಯಬೇಡಿ.